ಕ್ಯಾಲೆಂಡರಿನ ಹನ್ನೆರಡು ಕಟ್ಟಡಗಳು

ದೊಡ್ಡನೆಕ್ಕುಂದಿ, ಬೆಂಗಳೂರು
12 ಜನವರಿ 2025

ನಿಂಗಣ್ಣ ಮೇಸ್ತ್ರಿಗೆ ಮುನಿಆಂಜನಪ್ಪ ಮಾಡುವ ನಮಸ್ಕಾರ.

ಫೋನು ಮಾಡಿದರೆ ನಿನಗೆ ನನ್ನ ಮಾತು ಕೇಳಿಸುವುದಿಲ್ಲ, "ಹೂಂರೀ, ಹೂಂರೀ" ಅಂತೀಯ, ಏನು ಕೇಳಿದರೂ ಹೂಂ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಲ್ಲು ಕೊಯ್ಯುವ ಮಿಷನ್ನು ನಿನ್ನ ಕಿವಿ ತಿಂದರೂ ಕಣ್ಣು ಬಿಟ್ಟಿದೆಯಲ್ಲ. ಹಾಸ್ಟೆಲಿನ ಕಾವಲು ಕಾಯುತ್ತ ಹಳೇ ಪೇಪರನ್ನೆಲ್ಲ ಓದುತ್ತೀಯಂತೆ, ನಿನ್ನ ಮಗಳು ಗಂಗಾ ಹೇಳಿದಳು. ಹಾಗಾದರೆ ಇದನ್ನೂ ಓದು.

ಸಂಕ್ರಾಂತಿಗೆ ಬಣ್ಣ ಹೊಡೆಸೋಣವೆಂದು ಅಟ್ಟದ ಸಾಮಾನು ಇಳಿಸಿದೆವು. ಹಳೇ ಪಾತ್ರೆಗಳ ಅಡಿಯಲ್ಲಿ ಏನು ಸಿಕ್ಕಿತು ಗೊತ್ತೇ? ನೀನು ನಮ್ಮ ಮನೆ ಕಟ್ಟುವಾಗ ಸಿಮೆಂಟು ಶೆಡ್ಡಿನಲ್ಲಿ ನೇತಾಡುತ್ತಿದ್ದ 2014ರ ಕ್ಯಾಲೆಂಡರು. ತಿಂಗಳಿಗೊಂದು ಕಟ್ಟಡ. ಜನವರಿ ಗೋಳಗುಮ್ಮಟ, ಫೆಬ್ರವರಿ ಕೊನಾರ್ಕ, ಮಾರ್ಚಿಗೆ ತಾಜಮಹಲು, ಹೀಗೆ ಹನ್ನೆರಡು. ಸಂಜೆ ಕೆಲಸ ಬಿಟ್ಟ ಮೇಲೆ ಮರಳಿನ ಗುಡ್ಡೆ ಮೇಲೆ ಕೂತು ಟೀ ಕುಡಿಯುತ್ತ, "ಮನೆ ಮುಗೀಲಿ ಮೇಸ್ತ್ರಿ, ಹನ್ನೆರಡೂ ನೋಡ್ಕೊಂಡು ಬರಾಣ" ಅನ್ನುತ್ತಿದ್ದೆ. ನೀನು ನಗುತ್ತಿದ್ದೆ. ಕ್ಯಾಲೆಂಡರು ಜೂನ್ ತಿಂಗಳಲ್ಲೇ ನಿಂತಿದೆ, ಆಮೇಲೆ ಯಾರೂ ತಿರುವಿಲ್ಲ.

ಹೋಗೋಣ ನಡಿ. ನನಗೆ ಅರವತ್ತನಾಲ್ಕು, ನಿನಗೆ ಐವತ್ತೆಂಟು. ನಮ್ಮ ಮನೆಯಾಕೆ ಅಂಜನಮ್ಮನಂತೂ, "ಮಂಡಿ ಇನ್ನೂ ಮಡಿಸಕ್ಕಾಯ್ತದೆ, ಈಗ್ಲೇ ಹೋಗ್ಬನ್ನಿ. ಆಮ್ಯಾಕೆ ಕುರ್ಚಿ ತಳ್ಕೊಂಡು ನಾನು ಬರಕಿಲ್ಲ" ಅಂದಿದ್ದಾಳೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ರೂಮು ಬೆಳೆಯುತ್ತವೆ, ಕಳೆ ಕೀಳುವ ಕೆಲಸವೂ ಇಲ್ಲ. ಗಂಗಾ ಚೆನ್ನಾಗಿದ್ದಾಳೆ. ಕಲ್ಯಾಣ ನಗರದ ಕ್ಲಿನಿಕ್ಕಿನಲ್ಲಿ ಅವಳಿಗೆ ಈಗ ಹಗಲು ಡ್ಯೂಟಿ.

ಹೂಂ ಅನ್ನಬೇಡ. ಸರಿಯಾಗಿ ಉತ್ತರ ಬರಿ.

ನಿನ್ನ
ಮುನಿಆಂಜನಪ್ಪ


ಶಹಾಪುರ
2 ಫೆಬ್ರವರಿ 2025

ಯಜಮಾನರಿಗೆ ನಿಂಗಣ್ಣನ ಶರಣು.

ನಿಮ್ಮ ಕಾಗದ ಮೂರು ಸಲ ಓದಿದೆ. ಸಂತೋಷವಾಯಿತು. ಆದರೆ ನಾನು ಬರುವುದಿಲ್ಲ.

ಕಾರಣ ನಿಮಗೆ ಗೊತ್ತಿದೆ. ನೀವು ದೊಡ್ಡವರು, ಇಷ್ಟು ವರ್ಷ ಒಂದು ಸಲವೂ ಆ ಮಾತು ಎತ್ತಿ ಆಡಲಿಲ್ಲ. ಅದಕ್ಕೇ ನಾನೇ ಬರೆಯುತ್ತೇನೆ. ಪೋರ್ಟಿಕೋದ ಮೋಲ್ಡ್ ಹಾಕಿ ಆಗ ಒಂಬತ್ತೇ ದಿನ. ಇಪ್ಪತ್ತೊಂದು ದಿನ ಅಡಿಗೆ ಕೊಟ್ಟ ಆಸರೆ ಕಂಬ ಮುಟ್ಟಬಾರದು ಎಂದು ಕೂಲಿಯವರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಆಷಾಢ ಹತ್ತಿರ ಬಂದಿತ್ತು, ಗೃಹಪ್ರವೇಶಕ್ಕೆ ಅದೇ ಕೊನೆಯ ಮುಹೂರ್ತ. ಮೊದಲು ಹಸು ಕರು ಬಾಗಿಲಿಂದ ಒಳಗೆ ಬರಬೇಕು, ದಾರಿಗೆ ಅಡ್ಡ ಕಂಬ ಇದ್ದರೆ ಹೇಗೆ ಎಂದು ಭಟ್ಟರು ಕೇಳಿದರು. ಆರು ಸರ್ವೆ ಕಂಬಗಳಲ್ಲಿ ನಡುವಿನ ಎರಡನ್ನು ನನ್ನ ಕೈಯಾರೆ ಬಿಚ್ಚಿದೆ. ಉಳಿದ ನಾಲ್ಕು ತಡೆಯುತ್ತವೆ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ನನ್ನ ಸಾಬಮ್ಮ ಹೊಸ್ತಿಲ ಮೇಲಿನ ಸಿಮೆಂಟಿನ ಕಲೆ ತಿಕ್ಕುತ್ತ ಕೂತಿದ್ದಳು. ಮೋಲ್ಡ್ ಅವಳ ಮೇಲೆ ಇಳಿಯಿತು.

ಅವತ್ತಿನಿಂದ ನಾನು ಕರಣೆ ಮುಟ್ಟಿಲ್ಲ. ಗೋಡೆ ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಒಂದು ಪೋರ್ಟಿಕೋ ನಿಲ್ಲಿಸಲಾರದವನು ಗೋಳಗುಮ್ಮಟದ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಆ ಕ್ಯಾಲೆಂಡರಿನಲ್ಲಿ ಸಾಬಮ್ಮನಿಗೆ ಮೇ ತಿಂಗಳ ಚಿತ್ರ ಸೇರಿತ್ತು. ಗುಜರಾತಿನ ಪಾಟಣದಲ್ಲಿರುವ ರಾಣಿಯ ಮೆಟ್ಟಿಲುಬಾವಿ. "ಎಲ್ಲಾ ಕಡಿ ಬುಟ್ಟಿ ಹೊತ್ಕೊಂಡು ಏರೂದೇ ಆಯ್ತು. ಇಲ್ಲಿ ಬರೇ ಇಳಿಯೂದದ ನೋಡ್ರಿ" ಎಂದು ನಕ್ಕಿದ್ದಳು. ನಿಮಗೆ ನೆನಪಿರಲಿಕ್ಕಿಲ್ಲ.

ಗಂಗಾಳನ್ನು ನಿಮ್ಮ ಮಗಳಂತೆ ಇಟ್ಟುಕೊಂಡಿದ್ದೀರಿ. ಹದಿಮೂರು ವರ್ಷದ ಹುಡುಗಿಯನ್ನು ನರ್ಸ್ ಮಾಡಿದಿರಿ. ಈ ಜನ್ಮದಲ್ಲಿ ಇದನ್ನು ತೀರಿಸಲಾರೆ.

ನಿಮ್ಮವ
ನಿಂಗಣ್ಣ


ದೊಡ್ಡನೆಕ್ಕುಂದಿ
23 ಫೆಬ್ರವರಿ 2025

ಮೇಸ್ತ್ರಿಗೆ,

ಆಗಬೇಕಾದ್ದು ಆಯಿತು. ಹಳೇ ಮಾತು ಬಿಡು. ನನಗೆ ಗಂಗಾಳ ವಿಷಯದಲ್ಲಿ ಉಪಕಾರ ಗಿಪಕಾರ ಎಂದು ಬರೆಯಬೇಡ, ಓದುವುದಕ್ಕೆ ಕಷ್ಟವಾಗುತ್ತದೆ.

ಟಿಕೆಟ್ಟಿನ ವಿಷಯ ಕೇಳು. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದೆ ವಾಜಿದ್ ಅಂತ ಒಬ್ಬ ಟ್ರಾವೆಲ್ಸ್ ಇಟ್ಟಿದ್ದಾನೆ. ಕ್ಯಾಲೆಂಡರು ಸುತ್ತಿಕೊಂಡು ಅವನ ಹತ್ತಿರ ಹೋದೆ. ಜನವರಿಯಿಂದ ಶುರು ಮಾಡಿ ಡಿಸೆಂಬರ್ ತನಕ ಇದೇ ಸಾಲಿನಲ್ಲಿ ಹೋಗಬೇಕು ಎಂದು ಗಂಭೀರವಾಗಿ ಹೇಳಿದೆ. ಅವನು ಹಾಳೆ ಮಗುಚಿ ಮಗುಚಿ ನೋಡಿ, "ಅಣ್ಣಾ, ಬಿಜಾಪುರದಿಂದ ಒಡಿಶಾ, ಒಡಿಶಾದಿಂದ ಆಗ್ರಾ, ಆಗ್ರಾದಿಂದ ವಾಪಸ್ ತಂಜಾವೂರಾ? ಕ್ಯಾಲೆಂಡರ್ ನೋಡ್ಕೊಂಡು ರೈಲ್ ಹತ್ತೋರ್ನ ನಾನು ಇವತ್ತೇ ನೋಡಿದ್ದು. ಮ್ಯಾಪ್ ನೋಡ್ಬೇಕು ಅಣ್ಣಾ, ಮ್ಯಾಪ್!" ಎಂದು ಪಕ್ಕದ ಅಂಗಡಿಯವರನ್ನೆಲ್ಲ ಕರೆದು ನಗಿಸಿದ. ಹೂವಿನವಳೂ ನಕ್ಕಳು. ಮರ್ಯಾದೆ ಹೋದರೂ ದಾರಿ ಸಿಕ್ಕಿತು. ಮೊದಲು ಗೋಳಗುಮ್ಮಟ, ಅಲ್ಲಿಂದ ಎಲ್ಲೋರ, ಪಾಟಣ, ಆಗ್ರಾ, ಸಾಂಚಿ, ಹಾಗೇ ಪೂರ್ವಕ್ಕೆ ಇಳಿದು ಕೊನಾರ್ಕ. ಅರವತ್ತು ದಿನ ಮುಂಚೆ ಮಾತ್ರ ಬುಕಿಂಗು ತೆರೆಯುತ್ತದಂತೆ. ದೀಪಾವಳಿ ಮುಗಿಸಿಕೊಂಡು ನವೆಂಬರ್ ಹತ್ತಕ್ಕೆ ಹೊರಡುವುದು. ನೀನು ಯಾದಗಿರಿಯಲ್ಲಿ ಹತ್ತಿಕೋ.

ಪಾಟಣ ಬಿಡುವುದಿಲ್ಲ. ಸಾಬಮ್ಮ ಹೇಳಿದ್ದು ನನಗೆ ನೆನಪಿದೆ ಮೇಸ್ತ್ರಿ. ಅವಳಿಗಾಗಿ ಬಾ.

ಮುನಿಆಂಜನಪ್ಪ


ಶಹಾಪುರ
30 ಮಾರ್ಚ್ 2025, ಯುಗಾದಿ

ಯಜಮಾನರಿಗೆ ಶರಣು.

ಬರುತ್ತೇನೆ.

ಅವಳಿಗಾಗಿ ಬಾ ಎಂದಿರಲ್ಲ, ಆ ಮಾತಿಗೆ ಸೋತೆ. ಸಾಬಮ್ಮನ ಫೋಟೋ ಒಂದು ಸಣ್ಣದು ಇದೆ, ಜೇಬಿನಲ್ಲಿ ಹಿಡಿಯುತ್ತದೆ. ಪಾಟಣದಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೊನೆಯ ಮೆಟ್ಟಿಲವರೆಗೆ ಇಳಿಯುತ್ತೇನೆ. ಅಲ್ಲಿ ಅವಳ ಕ್ಷಮೆ ಕೇಳುತ್ತೇನೆ. ದಿನಾ ಬೆಳಿಗ್ಗೆ ಕೇಳುವುದೇ, ಆದರೆ ಅವಳು ಆಸೆಪಟ್ಟ ಜಾಗದಲ್ಲಿ ಕೇಳಿದರೆ ಒಪ್ಪಿದರೂ ಒಪ್ಪಿಯಾಳು.

ಇನ್ನೊಂದು ಸುದ್ದಿ. ಹಾಸ್ಟೆಲಿನ ಅಡುಗೆಮನೆಯ ಗೋಡೆ ಬಾಯಿ ಬಿಟ್ಟಿತ್ತು. ವಾರ್ಡನ್ ಒಬ್ಬ ಗೌಂಡಿಯನ್ನು ಹುಡುಕುತ್ತಿದ್ದರು. ನಾನೇ ಎದ್ದು ಹೋಗಿ ಗಾರೆ ಕಲಸಿದೆ. ಹನ್ನೊಂದು ವರ್ಷದ ಮೇಲೆ ಕರಣೆ ಹಿಡಿದರೆ ಕೈ ತಾನೇ ಓಡಿತು ಯಜಮಾನರೇ! ಆಮೇಲೆ ಗೋಡೆಗೆ ಒರಗಿ ಅತ್ತೆ. ನೀವು ಆ ಕಾಗದ ಬರೆಯದಿದ್ದರೆ ಇದು ಆಗುತ್ತಿರಲಿಲ್ಲ.

ಎಲ್ಲೋರದ ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕಡಿದರು ಎಂದು ಇಲ್ಲಿಯ ಪಾಠಪುಸ್ತಕದಲ್ಲಿದೆ. ಅಂದರೆ ಅವರಿಗೆ ಕಂಬ ಕೊಡುವ ಕೆಲಸವೇ ಇರಲಿಲ್ಲ. ಅದನ್ನು ಓದಿದ ಮೇಲೆ ನಮ್ಮ ಪೋರ್ಟಿಕೋವನ್ನು ಮತ್ತೆ ತಲೆಯಲ್ಲಿ ಕಟ್ಟಿ ನೋಡಿದೆ. ಹತ್ತು ಅಡಿ ಉದ್ದ, ಐದು ಅಡಿ ಮುಂದಕ್ಕೆ. ಗೋಡೆಯ ಕಡೆ ಎರಡು ಕಂಬ, ಮುಂದಿನ ಮೂಲೆಗೊಂದರಂತೆ ಎರಡು. ಎಷ್ಟು ಸಲ ಗುಣಿಸಿದರೂ ಆ ನಾಲ್ಕು ಕಂಬ ತಡೆಯಬೇಕಿತ್ತು. ನಾನು ಎಲ್ಲಿ ತಪ್ಪಿದೆನೋ ತಿಳಿಯುವುದಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಅದನ್ನು ಹೊತ್ತುಕೊಂಡಾದರೂ ಇರಬಹುದು.

ನೀವು ಬಾಗಿಲಲ್ಲೇ ನಿಂತಿದ್ದಿರಿ. ಯಾವ ಕಂಬ ಮೊದಲು ಜಾರಿತು? ನೋಡಿದ್ದರೆ ಬರೆಯಿರಿ.

ನಿಮ್ಮವ
ನಿಂಗಣ್ಣ


ದೊಡ್ಡನೆಕ್ಕುಂದಿ
20 ಏಪ್ರಿಲ್ 2025

ಮೇಸ್ತ್ರಿಗೆ,

ನೀನು ಬರುತ್ತೀಯೆಂದು ತಿಳಿದು ಸಮಾಧಾನವಾಯಿತು. ಆಗ್ರಾದಲ್ಲಿ ಆಗ ಚಳಿಯಂತೆ, ಸ್ವೆಟರು ಇದೆಯೋ ಇಲ್ಲವೋ ಬರಿ. ಹಲಸೂರಿನಲ್ಲಿ ಒಳ್ಳೆಯವು ಸಿಗುತ್ತವೆ.

ನೀನು ಕೇಳಿದ್ದು ನನಗೆ ನೆನಪಿಲ್ಲ. ಆ ಗಲಾಟೆಯಲ್ಲಿ ಎಷ್ಟು ಕಂಬ ಇದ್ದವು ಎಂದು ಯಾರು ಎಣಿಸುತ್ತಾರೆ? ಅಂಥದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಕೆಲಸ ಜಾಸ್ತಿ ಇದೆ. ಆಮೇಲೆ ಬರೆಯುತ್ತೇನೆ.

ಮುನಿಆಂಜನಪ್ಪ


ಶಹಾಪುರ
1 ಜೂನ್ 2025

ಯಜಮಾನರಿಗೆ ಶರಣು.

ಆರು ವಾರವಾಯಿತು, ನಿಮ್ಮ ಕಾಗದವಿಲ್ಲ. ನಾನು ಎರಡು ಬರೆದೆ. ತಲುಪಿಲ್ಲವೋ ಏನೋ.

ದೊಡ್ಡಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ಪೋರ್ಟಿಕೋದ ಕಡೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ ಎಂದು ಗಂಗಾ ಮೆಸೇಜು ಕಳಿಸಿದ್ದಳು, ವಾರ್ಡನ್ ಅದನ್ನು ತೋರಿಸಿದರು. ಯೋಚನೆ ಮಾಡಿದೆ. ನನಗೆ ಹೊಳೆದದ್ದು ಇಷ್ಟು, ತಪ್ಪಾಗಿದ್ದರೆ ಬಯ್ಯಿರಿ. ಮನೆಯವರೋ ನೆಂಟರೋ ಏನಾದರೂ ಅಂದಿರಬೇಕು. ಗಾರೆ ಕೆಲಸದವನ ಜೊತೆ ಒಂದು ತಿಂಗಳು ಒಂದೇ ಲಾಡ್ಜಿನಲ್ಲಿ ಇರುವುದು, ಒಂದೇ ತಟ್ಟೆ ಲೋಟ, ಇದೆಲ್ಲ ಅವರಿಗೆ ಸರಿ ಕಾಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ನಾನು ಬೇರೆ ಡಬ್ಬಿಯಲ್ಲಿ ಕೂರುತ್ತೇನೆ. ಧರ್ಮಶಾಲೆಯಲ್ಲಿ ಮಲಗುತ್ತೇನೆ. ಕಟ್ಟಡದ ಮುಂದೆ ಮಾತ್ರ ಇಬ್ಬರೂ ಒಟ್ಟಿಗೆ ನಿಂತರೆ ಸಾಕು. ಅದೊಂದು ಬಿಡಬೇಡಿ.

ಸ್ವೆಟರು ಬೇಡ, ಕಂಬಳಿ ಇದೆ.

ನಿಮ್ಮವ
ನಿಂಗಣ್ಣ


ದೊಡ್ಡನೆಕ್ಕುಂದಿ
22 ಜೂನ್ 2025

ನಿಂಗಣ್ಣ,

ನಿನ್ನ ಮೂರು ಕಾಗದವೂ ತಲುಪಿದವು. ಬೇರೆ ಡಬ್ಬಿಯಲ್ಲಿ ಕೂರುತ್ತೇನೆ ಅಂದೆಯಲ್ಲ, ಅದನ್ನು ಓದಿದ ಮೇಲೆ ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಿನ್ನ ಗುಣಾಕಾರ ಸರಿಯಾಗಿದೆ. ನಾಲ್ಕು ಕಂಬ ತಡೆಯುತ್ತಿದ್ದವು. ಆ ಬೆಳಿಗ್ಗೆ ಅಲ್ಲಿ ನಾಲ್ಕು ಇರಲಿಲ್ಲ, ಎರಡೇ ಇದ್ದವು.

ಹಿಂದಿನ ಸಂಜೆ ನೀವಿಬ್ಬರೂ ಕೆ.ಆರ್. ಪುರದ ನಿಮ್ಮ ರೂಮಿಗೆ ಹೊರಟುಹೋದ ಮೇಲೆ ವೀಡಿಯೋದವನು ಜಾಗ ನೋಡಲು ಬಂದ. "ಅಣ್ಣಾ, ಮುಂದ್ಗಡೆ ಎರ್ಡು ಮೂಲೇಲೂ ಕಂಬ ಅಡ್ಡ ಬತ್ತೈತೆ, ಮನೆ ಮುಖಾನೇ ಕಾಣಲ್ಲ" ಅಂದ. ನೆಂಟರೆಲ್ಲ ಬರುವವರಿದ್ದರು. ಮನೆ ಕಟ್ಟಿ ನೋಡು ಅಂತಾರಲ್ಲ, ನಾನು ಕಟ್ಟಿದ್ದೇನೆ ನೋಡಿ ಎಂದು ಮೆರೆಯುವ ಚಪಲ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀಯೆಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಲಿಲ್ಲ. ಸುತ್ತಿಗೆ ತೆಗೆದುಕೊಂಡು ಅಡಿಯ ಬೆಣೆ ಹೊಡೆದು ಆ ಎರಡೂ ಕಂಬ ನಾನೇ ಬಿಚ್ಚಿದೆ. ಅದೇ ಜಾಗದಲ್ಲಿ ಬಾಳೆಕಂದು ನಿಲ್ಲಿಸಿ, ಮೇಲಿನ ಹಲಗೆಯ ಮೊಳೆಗೆ ಬಿಗಿದು, ಮಾವಿನ ತೋರಣ ಕಟ್ಟಿದೆ. ಬೆಳಿಗ್ಗೆ ನೀನು ಬಂದು ನೋಡಿದಾಗ ಕಂಬಕ್ಕೇ ಬಾಳೆ ಕಟ್ಟಿದ್ದಾರೆ ಅಂದುಕೊಂಡಿರಬೇಕು.

ಹೊಸ್ತಿಲು ತಿಕ್ಕಲು ಸಾಬಮ್ಮನಿಗೆ ಹೇಳಿದವನೂ ನಾನೇ.

ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ನೀನು, "ನಾನೇ ಕಂಬ ತಗ್ದೀನ್ರೀ, ನಾನೇ ಕೊಂದೀನ್ರೀ" ಎಂದು ಎಲ್ಲರ ಮುಂದೆ ಎದೆ ಬಡಿದುಕೊಂಡೆ. ನಾನು ಬಾಯಿ ತೆರೆದೆ. ಅಲ್ಲ ಎಂದು ಹೇಳಲಿಕ್ಕೇ ತೆರೆದೆ, ಸ್ವರ ಬರಲಿಲ್ಲ. ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡರು. ಅವತ್ತೇ ಅವಶೇಷ ಎತ್ತಿಸಿಬಿಟ್ಟೆ. ಮಣ್ಣು ಮಾಡಿದ ಮೇಲೆ ಹೇಳೋಣ, ಹನ್ನೊಂದನೆಯ ದಿನದ ಮೇಲೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ನೀನು ಊರಿಗೆ ಹೊರಟೆ. ಗಂಗಾಳನ್ನು ನನ್ನ ಹತ್ತಿರ ಬಿಡು ಅಂದೆ. ಜನ ನನ್ನನ್ನು ದೇವರಂಥ ಮನುಷ್ಯ ಅಂದರು. ಅದನ್ನು ಕೇಳಿಕೊಂಡು ಇದ್ದೆ.

ಈ ಪ್ರವಾಸವನ್ನು ನಿನಗಾಗಿ ಗೊತ್ತುಮಾಡಿದೆ ಅಂದುಕೊಂಡಿದ್ದೆ. ಸುಳ್ಳು. ನಿನ್ನ ಪಕ್ಕ ಒಂದು ತಿಂಗಳು ಕೂತರೆ ಎಲ್ಲಾದರೂ ಹೇಳಿಯೇನು ಎಂಬ ಆಸೆ, ಹೇಳದೆಯೇ ಕಳೆದುಹೋದೀತು ಎಂಬ ಆಸೆ, ಎರಡೂ ಇದ್ದವು.

ನಾನು ಏನನ್ನೂ ಕೇಳುವುದಿಲ್ಲ.

ಮುನಿಆಂಜನಪ್ಪ


ಶಹಾಪುರ
3 ಆಗಸ್ಟ್ 2025

ಮುನಿಆಂಜನಪ್ಪನವರಿಗೆ,

ಒಂದು ತಿಂಗಳು ಬರೆಯಲಾಗಲಿಲ್ಲ.

ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅವಳ ಫೋಟೋದ ಮುಂದೆ ನಿಂತು, "ತಪ್ಪಾಯ್ತವಾ ಸಾಬಿ" ಅನ್ನುತ್ತಿದ್ದೆ. ನಿಮ್ಮ ಕಾಗದ ಬಂದ ಮಾರನೆಯ ದಿನವೂ ನಿಂತೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ತಪ್ಪಾಯ್ತು ಎಂಬುದು ಬಿಟ್ಟರೆ ಅವಳ ಜೊತೆ ಬೇರೆ ಮಾತೇ ನನಗೆ ಮರೆತುಹೋಗಿದೆ. ಅವಳಿಗಾಗಿ ನಾನು ಒಂದು ದಿನವೂ ಅತ್ತಿರಲಿಲ್ಲ, ನನ್ನ ಕೈಗಾಗಿ ಅತ್ತಿದ್ದೆ. ಅವತ್ತು ಅವಳಿಗಾಗಿ ಅತ್ತೆ. ನಿನ್ನೆ ಮೊನ್ನೆ ಸತ್ತಂತೆ ಆಯಿತು ನನಗೆ.

ಆ ಸಂಜೆಯದ್ದನ್ನು ನಾನು ಕ್ಷಮಿಸಬಹುದೇನೋ. ಎರಡು ಕಂಬ ನಾನೂ ತೆಗೆದಿದ್ದೆ. ಆತುರ ಯಾರಿಗೆ ಬರುವುದಿಲ್ಲ? ಆದರೆ ಅದು ಒಂದು ಸಂಜೆಯ ಮಾತು. ಈ ಹನ್ನೊಂದು ವರ್ಷ ಹಾಗಲ್ಲ. ಪ್ರತಿ ದಿನ ಬೆಳಿಗ್ಗೆ ನೀವು ಎದ್ದು, ಇವತ್ತೂ ನಿಂಗಣ್ಣ ಹೆಂಡತಿಯನ್ನು ಕೊಂದವನಾಗಿಯೇ ಇರಲಿ ಎಂದು ಸುಮ್ಮನಿದ್ದಿರಿ. ಯುಗಾದಿಯ ದಿನ ಕೈ ಮುಗಿದು ಕೇಳಿದೆನಲ್ಲ, ಯಾವ ಕಂಬ ಎಂದು! ಆಗಲೂ ಸ್ವೆಟರಿನ ವಿಷಯ ಬರೆದಿರಿ.

ಗಂಗಾಳಿಗೆ ನಾನು ಹೇಳುವುದಿಲ್ಲ. ಅದು ನಿಮ್ಮ ಬಾಯಿಂದ ಬರಬೇಕು, ಎದುರಿಗೆ ಕೂತು. ಅಲ್ಲಿಯವರೆಗೆ ಅವಳು ನಿಮ್ಮನ್ನು ದೊಡ್ಡಪ್ಪ ಎಂದು ಕರೆಯುತ್ತಿರುತ್ತಾಳೆ. ಅದನ್ನು ಹೇಗೆ ಕೇಳಿಸಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು.

ನಿಂಗಣ್ಣ


ದೊಡ್ಡನೆಕ್ಕುಂದಿ
24 ಆಗಸ್ಟ್ 2025

ನಿಂಗಣ್ಣ,

ಗಂಗಾಳಿಗೆ ಹೇಳಿದೆ.

ಕಳೆದ ಭಾನುವಾರ ಬೆಳಿಗ್ಗೆ ಇಡ್ಲಿ ಹಾಕಿಕೊಂಡು ನನ್ನ ಪಕ್ಕ ಕೂತಿದ್ದಳು. "ದೊಡ್ಡಪ್ಪ, ಯಾಕೆ ಹಿಂಗೆ ಕೂತಿದ್ದೀರ? ಬಿಪಿ ನೋಡ್ಲಾ?" ಎಂದಳು. ಅಂಜನಮ್ಮನನ್ನೂ ಕರೆದೆ. ಇಬ್ಬರಿಗೂ ಒಟ್ಟಿಗೆ ಹೇಳಿದೆ.

ಮುಗಿದ ಮೇಲೆ ಗಂಗಾ, "ಅಪ್ಪಂಗೆ ಗೊತ್ತಾ?" ಎಂದಳು.

"ಗೊತ್ತು."

"ಯಾವಾಗಿಂದ?"

"ಜೂನ್ ತಿಂಗಳಿಂದ."

"ನಿಮಗೆ?"

ಅವಳು ತಟ್ಟೆ ತೊಳೆದಿಟ್ಟು ಮೇಲಿನ ರೂಮಿಗೆ ಹೋದಳು. ಎರಡು ಬ್ಯಾಗು ತುಂಬಿಕೊಂಡು ಬಂದಳು. ಗೇಟಿನ ಹತ್ತಿರ ಹೋದವಳು ವಾಪಸು ಬಂದು ಅಂಜನಮ್ಮನ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಡೆ ನೋಡದೆ ಹೊರಟಳು. ಬಸ್ ಸ್ಟಾಪಿನವರೆಗೂ ಹಿಂದೆ ಹೋದೆ. ಬ್ಯಾಗು ಹಿಡಿಯಲು ಬಿಡಲಿಲ್ಲ.

ಅಂಜನಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವತ್ತು ಒಂದೇ ಮಾತು ಅಂದಳು, "ಆ ಮಗೀಗೆ ನನ್ ಕೈಲಿ ಇಷ್ಟು ವರ್ಸ ಅನ್ನ ಹಾಕಿಸ್ದಲ್ಲ, ನಂಗೂ ಒಂದ್ಮಾತ್ ಯೋಳ್ದಂಗೆ."

ಪೊಲೀಸರ ಹತ್ತಿರ ಹೋಗಿ ಬರೆದುಕೊಡು ಎಂದರೆ ಬರೆದುಕೊಡುತ್ತೇನೆ. ಆಮೇಲೆ ಬೇರೆಯವರಿಂದ ಮತ್ತೆ ಕಟ್ಟಿಸಿದ ಈ ಪೋರ್ಟಿಕೋ ಕೆಡವು ಎಂದರೆ ಕೆಡವುತ್ತೇನೆ. ಏನಾದರೂ ಒಂದು ಹೇಳು. ವಾಜಿದ್ ಫೋನು ಮಾಡಿದ್ದ, ಬುಕಿಂಗು ತೆರೆಯುತ್ತದಂತೆ, ಎರಡು ಹೆಸರು ಕಳಿಸಿ ಎಂದ. ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟೆ.

ಮುನಿಆಂಜನಪ್ಪ


ಶಹಾಪುರ
14 ಸೆಪ್ಟೆಂಬರ್ 2025

ಮುನಿಆಂಜನಪ್ಪನವರಿಗೆ,

ಗಂಗಾ ಬಂದು ತಲುಪಿದಳು. ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಕೇಳಿದ್ದಾಳೆ, ಸಿಗಬಹುದು.

ಬಂದ ಮೂರನೆಯ ದಿನ ರೊಟ್ಟಿ ತಟ್ಟುತ್ತಿದ್ದವಳು ಒಂದು ಹಾಳೆಯ ಮೇಲೆ ಬರೆದು ನನ್ನ ಮುಂದೆ ಹಿಡಿದಳು. "ಅಪ್ಪಾ, ಅವ್ವ ಹೆಂಗ ನಗ್ತಿದ್ಲು?" ಎಂದು ಬರೆದಿತ್ತು. ಅವಳ ತಾಯಿ ಹೇಗೆ ಸತ್ತಳು ಎನ್ನುವುದನ್ನು ಮಾತ್ರ ಇಷ್ಟು ವರ್ಷ ಆ ಹುಡುಗಿಗೆ ಹೇಳುತ್ತಿದ್ದೆ. ಅವತ್ತು ಉಳಿದದ್ದನ್ನು ಹೇಳಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಕೂಲಿ ಹೆಂಗಸರೊಳಗೆ ಇವಳ ಬುಟ್ಟಿಯೇ ಮೊದಲು ಮೇಲೆ ಬರುತ್ತಿತ್ತು. ನಾನು ಕಟ್ಟಿದ ಗೋಡೆಗೆ ಬೆನ್ನು ಒರಗಿಸಿ, "ಸೊಟ್ಟ ಅದ" ಎಂದು ಸುಳ್ಳೇ ರೇಗಿಸುತ್ತಿದ್ದಳು. ಹೇಳುತ್ತ ಹೇಳುತ್ತ ಮಧ್ಯಾಹ್ನವಾಯಿತು, ಒಲೆಯ ಮೇಲೆ ರೊಟ್ಟಿ ಸೀದುಹೋಯಿತು.

ಪೊಲೀಸರ ಹತ್ತಿರ ಹೋಗುವುದು ಬಿಡುವುದು ನೀವೇ ತೀರ್ಮಾನ ಮಾಡಿ. ಕೆಡವಬೇಡಿ. ಕೆಡವುವಾಗಲೂ ಯಾರದೋ ಹೆಂಡತಿ ಕೆಳಗೆ ಕಲ್ಲು ಹೊರುತ್ತಿರುತ್ತಾಳೆ.

ವಾಜಿದ್‌ಗೆ ನನ್ನ ಹೆಸರು ಕೊಡಬೇಡಿ. ಮುಂದೆ ಎಂದಾದರೂ ಗಂಗಾ ಕರೆದರೆ ಅವಳ ಜೊತೆ ಪಾಟಣಕ್ಕೆ ಹೋದೇನು, ಹೋಗದೆಯೂ ಇದ್ದೇನು. ಇಬ್ಬರಿಗೂ ಈಗ ಅದರ ಮನಸ್ಸಿಲ್ಲ.

ಒಂದು ಮಾತು ಬರೆಯದಿದ್ದರೆ ನಾನೂ ಮುಚ್ಚಿಟ್ಟಂತೆ ಆಗುತ್ತದೆ. ಮರಳಿನ ಗುಡ್ಡೆಯ ಮೇಲೆ ಕೂತು ನೀವು ಬರಾಣ ಬರಾಣ ಅನ್ನುವಾಗ ನಾನು ಬರೀ ನಗುತ್ತಿದ್ದೆ, ನಿಜ. ನನಗೆ ಆಗ ಗೋಳಗುಮ್ಮಟವೂ ಬೇಕಿರಲಿಲ್ಲ, ತಾಜಮಹಲೂ ಬೇಕಿರಲಿಲ್ಲ. ಒಬ್ಬ ಮನೆ ಯಜಮಾನ ತನ್ನ ಗೌಂಡಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೊತೆಗೆ ಬಾ ಅಂದನಲ್ಲ, ನನಗೆ ಅದೇ ದೊಡ್ಡದಾಗಿತ್ತು. ಈಗ ಎಲ್ಲ ಗೊತ್ತಾದ ಮೇಲೂ, ಆ ಕಟ್ಟಡಗಳ ಮುಂದೆ ನಿಂತ ಹಾಗೆ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ನೀವೇ ಬಂದು ನಿಲ್ಲುತ್ತೀರಿ. ಅಲ್ಲಿಂದ ನಿಮ್ಮನ್ನು ಕಳಿಸಲು ನನ್ನಿಂದ ಆಗುತ್ತಿಲ್ಲ, ನಿಮ್ಮ ಜೊತೆ ಹೋಗಲೂ ಆಗುವುದಿಲ್ಲ.

ಇದಕ್ಕೆ ಉತ್ತರ ಬರೆಯಬೇಡಿ. ಬಂದರೆ ಓದಿಬಿಡುತ್ತೇನೆ.

ನಿಂಗಣ್ಣ